ದಾರ ಕಟ್ಟದ ಗಾಡಿ

ಬನಹಟ್ಟಿಯಲ್ಲಿ ಮೆಲ್ಲಗೆ ಮಾತಾಡುವವರನ್ನು ಹುಡುಕಿ ತೆಗೆಯುವುದು ಕಷ್ಟ. ಬೆಳಗಾದರೆ ಸಾಕು, ಓಣಿಗೆ ಓಣಿಯೇ ಪವರ್‌ಲೂಮಿನ ಖಟಖಟ ಶುರುಮಾಡುತ್ತದೆ. ಮಗ್ಗದ ಮುಂದೆ ನಿಂತ ಗಂಡನಿಗೆ ಚಹಾ ಬೇಕೇ ಎಂದು ಕೇಳಬೇಕಾದರೂ ಹೆಂಡತಿ ಬಾಗಿಲಲ್ಲಿ ನಿಂತು ಕೂಗಬೇಕು. ಹೀಗೆ ಕೂಗಿ ಕೂಗಿ ಗಂಟಲು ಪಳಗಿಸಿಕೊಂಡ ಹೆಂಗಸರಲ್ಲಿ ದಾನಮ್ಮನದು ಒಂದು ಕೈ ಮೇಲೆಯೇ. ಊರ ಬಾಯಲ್ಲಿ ಆಕೆ ಸೀರಿ ದಾನವ್ವ. ಆಕೆ ಗುಟ್ಟು ಹೇಳಿದರೆ ಮೂರು ಮನೆ ಆಚೆ ಕೇಳಿಸುತ್ತದೆ ಎಂದು ಅಕ್ಕಪಕ್ಕದವರು ನಗುತ್ತಾರೆ. ನಗಲಿ. ಆ ಗಂಟಲಿನಿಂದ ಸುಳ್ಳು ಹೊರಡುವುದಿಲ್ಲ ಎಂಬುದನ್ನು ನಗುವವರೂ ಒಪ್ಪುತ್ತಾರೆ.

ಗಂಡ ಕಾಶಪ್ಪ ನೇಯುತ್ತಾನೆ, ದಾನಮ್ಮ ಮಾರುತ್ತಾಳೆ. ಅಂಗಡಿ ಗಿಂಗಡಿ ಏನೂ ಇಲ್ಲ. ಸೀರೆಯ ಗಂಟು ಹೊತ್ತು ಬಸ್ಸು ಹತ್ತುವುದು, ಮುಧೋಳ, ಲೋಕಾಪುರ, ಬೀಳಗಿ, ಜಮಖಂಡಿ ಎಂದು ತಿರುಗುವುದು, ಗಿರಾಕಿಯ ಪಡಸಾಲೆಯಲ್ಲೇ ಗಂಟು ಬಿಚ್ಚಿ ಕೂರುವುದು. ಮದುವೆಯಾಗಿ ಬಂದ ಮರುವರ್ಷದಿಂದ ಇದೇ ಕೆಲಸ. ಆಕೆಯಿಂದ ಮದುವೆ ಸೀರೆ ಕೊಂಡವರು ಈಗ ತಮ್ಮ ಮಗಳ ಮದುವೆಗೆ ಆಕೆಯನ್ನೇ ಕಾಯುತ್ತಾರೆ.

ಅದಕ್ಕೊಂದು ಕಾರಣವಿದೆ. ಮಗ್ಗ ಎಂದ ಮೇಲೆ ಎಳೆ ಕಡಿಯುತ್ತದೆ. ಕರೆಂಟು ಹೋಗಿ ಬಂದ ಕಡೆ ನೇಯ್ಗೆ ಒತ್ತಾಗಿ ಗೆರೆ ಬೀಳುತ್ತದೆ. ಎಲ್ಲಿ ಹೀಗೆ ಐಬು ಬಿತ್ತೋ ಅಲ್ಲಿ ಸೀರೆಯ ಅಂಚಿಗೆ ಒಂದು ಕೆಂಪು ದಾರ ಕಟ್ಟಿಬಿಡುವುದು ಕಾಶಪ್ಪನ ಅಪ್ಪನ ಕಾಲದಿಂದ ಆ ಮನೆಯ ರೂಢಿ. ದಾರ ಇದ್ದ ಸೀರೆಯ ಬೆಲೆ ಬೇರೆ, ಇಲ್ಲದ್ದರ ಬೆಲೆ ಬೇರೆ. ದಾನಮ್ಮ ಗಂಟು ಬಿಚ್ಚಿದವಳೇ ಮೊದಲು ದಾರ ಕಟ್ಟಿದ್ದನ್ನು ತೆಗೆದು ಮುಂದಿಡುತ್ತಾಳೆ.

"ಮೊದಲ ಐಬು ನೋಡ್ರಿ, ಆಮ್ಯಾಲ ಸೆರಗು ನೋಡ್ರಿ" ಎನ್ನುತ್ತಾಳೆ.

ಒಮ್ಮೆ ದಾರ ಎಲ್ಲೋ ಬಿಚ್ಚಿ ಬಿದ್ದು, ಐಬಿನ ಸೀರೆಯೊಂದು ಒಳ್ಳೆಯ ಸೀರೆಯ ಬೆಲೆಗೆ ಬೀಳಗಿಯ ರುಕ್ಮವ್ವನ ಮನೆಗೆ ಹೋಗಿಬಿಟ್ಟಿತ್ತು. ರುಕ್ಮವ್ವನ ಕಣ್ಣಿಗೆ ಆ ಐಬು ಬಿದ್ದಿರಲೇ ಇಲ್ಲ. ಮನೆಗೆ ಬಂದ ಮೇಲೆ ಕಾಶಪ್ಪ ನೆನಪಿಸಿದ. ಮರುದಿನ ದಾನಮ್ಮ ಬಸ್ಸು ಹತ್ತಿ ಹೋಗಿ ಸೀರೆ ಬದಲಿಸಿ ಕೊಟ್ಟು ಬಂದಳು. ಇದನ್ನು ಆಕೆ ಯಾರೆದುರೂ ಹೇಳಿಕೊಳ್ಳಲಿಲ್ಲ. ಹೇಳಿದ್ದು ರುಕ್ಮವ್ವ, ಅದೂ ಕಂಡಕಂಡವರಿಗೆಲ್ಲ.

ಆದರೆ ಗಂಟು ಹೊರುವ ಹೆಗಲಿಗೂ ವಯಸ್ಸಾಗುತ್ತದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲಂತೂ ಒಳಗೆ ಕಾಲಿಡಲು ಜಾಗವಿಲ್ಲ. ಸೀರೆಯ ಗಂಟು ಕಂಡರೆ ಕಂಡಕ್ಟರನ ಮುಖ ಹುಳ್ಳಗಾಗುತ್ತದೆ. ಮೊಣಕಾಲು ಬೇರೆ ಕೈಕೊಡತೊಡಗಿತ್ತು. ಕಾಶಪ್ಪನ ತಮ್ಮ ಸುಭಾಷ್ ನೂಲಿನ ವ್ಯಾಪಾರಿಗಳ ಟೆಂಪೊ ಓಡಿಸುವವನು. ಅವನೇ ಒಂದು ದಿನ, "ವೈನೀ, ಒಂದು ಹಳೇ ಗಾಡಿ ತೊಗೊಳ್ಳೂಣು. ವಾರದಾಗ ಎರಡು ದಿನ ನಾ ಹೊಡೀತೇನಿ. ನೀವು ಆರಾಮ ಕುಂತು ವ್ಯಾಪಾರ ಮಾಡ್ರಿ" ಎಂದ. ದಾನಮ್ಮನಿಗೆ ಆ ಮಾತು ನಾಟಿತು. ಕೊರಳಲ್ಲಿದ್ದ ಬೋರಮಾಳ ಸರ ಮಾರಿದಳು. ತವರಿನಲ್ಲಿ ಕೊಟ್ಟಿದ್ದು, ಆಕೆಯ ಹತ್ತಿರ ಇದ್ದ ಬಂಗಾರವೆಂದರೆ ತಾಳಿ ಬಿಟ್ಟರೆ ಅದೊಂದೇ.

ಹತ್ತಿರದಲ್ಲಿ ಹಳೆಯ ಗಾಡಿ ಸಿಗುತ್ತಿರಲಿಲ್ಲವೇ? ಬೇಕಾದಷ್ಟು ಸಿಗುತ್ತಿದ್ದವು. ಆದರೆ ಕೃಷ್ಣೆಗೆ ಮಹಾಪೂರ ಬಂದು ಹೋದ ಮೇಲೆ ಈ ಕಡೆ ಹಳೆಯ ಗಾಡಿ ಎಂದರೆ ಜನ ಹೆದರುತ್ತಾರೆ. ಸಾಂಗಲಿಯದು ಬೇಡ, ಕೊಲ್ಲಾಪುರದ್ದು ಬೇಡ, ಜಮಖಂಡಿಯದೂ ಬೇಡ, ಯಾವುದು ಎಷ್ಟು ನೀರು ಕುಡಿದಿದೆಯೋ ದೇವರೇ ಬಲ್ಲ ಎನ್ನುತ್ತಾರೆ. ದಾನಮ್ಮನ ತವರು ಹೊಳೆಯ ದಂಡೆಯ ಚಿಕ್ಕಪಡಸಲಗಿ. ಹೊಳೆ ಮನೆಗೆ ಬಂದು ಹೋದರೆ ಏನು ಉಳಿಯುತ್ತದೆ ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಹೊಳಿ ಹತ್ತಿರದ್ದು ಬ್ಯಾಡ. ದೂರ ಹೋಗೂಣು" ಎಂದು ಆಕೆಯೇ ಪಟ್ಟು ಹಿಡಿದಳು. ಸುಭಾಷ್ ಮೊಬೈಲಿನಲ್ಲಿ ಹುಡುಕಿ ಪುಣೆಯ ಒಬ್ಬ ವ್ಯಾಪಾರಿಯ ವಿಡಿಯೊ ತೋರಿಸಿದ. ಸಾಲಾಗಿ ನಿಂತ ಗಾಡಿಗಳು, ಹಿಂದೆ ಸಂಗೀತ, ನಡುವೆ ಕೈಮುಗಿದು ನಿಂತ ಶೇಟ. ಇಬ್ಬರೂ ಅಲ್ಲಿಗೇ ಹೊರಟರು.

ಆ ಅಂಗಳ ಪುಣೆಯ ಹೊರಗೆ ಹೆದ್ದಾರಿಯ ಪಕ್ಕದಲ್ಲಿತ್ತು. ಮೇಲೆ ಬಣ್ಣಬಣ್ಣದ ಪತಾಕೆ, ಕೆಳಗೆ ನೂರಾರು ಗಾಡಿ, ಗಾಜಿನ ಆಫೀಸು. ಕೆಲಸದವನೊಬ್ಬ ಮುಂದೆ ನಡೆದು ತೋರಿಸತೊಡಗಿದ. ಅವನಾಡಿದ್ದು ಮರಾಠಿ, ಬಟ್ಟೆ ವ್ಯಾಪಾರದ ದಾನಮ್ಮನಿಗೆ ಅದು ತೊಡಕಲ್ಲ. ಎರಡು ಸಾಲು ದಾಟುವುದರಲ್ಲಿ ಆಕೆ ಗಕ್ಕನೆ ನಿಂತಳು. ಕೆಲವು ಗಾಡಿಗಳ ಕನ್ನಡಿಗೆ ಕೆಂಪು ದಾರ ಕಟ್ಟಿತ್ತು.

"ಈ ದಾರ ಕಟ್ಟಿದ್ದು ಯಾಕ?" ಎಂದು ಕೇಳಿದಳು.

"ಅವು ನಿಮಗಲ್ಲ ಮಾವಶಿ. ಅವನ್ನು ಯಾರಿಗೂ ತೋರಿಸುವುದಿಲ್ಲ. ದಾರ ಇಲ್ಲದ್ದನ್ನು ನೋಡಿ" ಎಂದ ಅವನು, ಚಿಕ್ಕಮ್ಮನನ್ನು ಕರೆಯುವ ಹಾಗೆ.

ದಾನಮ್ಮನ ಎದೆ ತುಂಬಿ ಬಂತು. ಪಾಪ, ತುಂಬಿ ಬರದೆ ಏನು ಮಾಡೀತು! ಐಬಿದ್ದದ್ದಕ್ಕೆ ದಾರ ಕಟ್ಟಿ ಬೇರೆ ನಿಲ್ಲಿಸಿದ್ದಾರೆ, ಗಿರಾಕಿಗೆ ತೋರಿಸುವುದೂ ಇಲ್ಲ ಎಂದು ಆಕೆ ತಿಳಿದಳು. ತನ್ನ ಮಾವ ಬನಹಟ್ಟಿಯ ಓಣಿಯಲ್ಲಿ ಮಾಡುತ್ತಿದ್ದುದನ್ನು ಪುಣೆಯ ಶೇಟ ಇಷ್ಟು ದೊಡ್ಡ ಅಂಗಳದಲ್ಲಿ ಮಾಡುತ್ತಿದ್ದಾನಲ್ಲ ಎಂದು ಹಿಗ್ಗಿದಳು.

"ನೋಡಲೇ ಸುಭಾಷಾ, ಇಲ್ಲೂ ನಮ್ಮಂಥಾವ್ರು ಅದಾರ!" ಎಂದಳು.

ಮೂಲೆಯಲ್ಲಿ ಏಳು ಸೀಟಿನ ಬಿಳಿ ಗಾಡಿಯೊಂದು ನಿಂತಿತ್ತು. ಹಿಂದಿನ ಸೀಟು ಮಡಚಿದರೆ ನಾಲ್ಕು ಗಂಟು ಹಿಡಿಯುತ್ತಿತ್ತು. ಬಾಗಿಲು ತೆಗೆದರೆ ಮಲ್ಲಿಗೆಯ ಸೆಂಟಿನ ವಾಸನೆ ಗಮ್ಮೆಂದಿತು. ಸುಭಾಷ್ ಬಾನೆಟ್ಟು ಎತ್ತಿ ನೋಡಿದ, ಸುತ್ತಲೂ ಒಂದು ಸಲ ಓಡಿಸಿದ, ಕಾಲಡಿಯ ಮ್ಯಾಟಿಗೆ ಕೈ ಹಾಕಿದ. ದಾನಮ್ಮ ಅವನ ಕೈ ಹಿಡಿದು ಎಳೆದಳು.

"ಸಾಕು ಬಿಡು. ದಾರ ಇಲ್ಲದ ಮಾಲು ಕೆದಕಿ ನೋಡೂದು ಮಾರಾವನ ಮರ್ಯಾದಿ ತಗದಾಂಗ" ಎಂದಳು.

ಬೀಳಗಿಯಲ್ಲೋ ಮುಧೋಳದಲ್ಲೋ ಯಾರಾದರೂ ತನ್ನ ದಾರವಿಲ್ಲದ ಸೀರೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕಿದರೆ ಆಕೆಗೆ ಎಷ್ಟು ನೋವಾಗುತ್ತಿತ್ತೋ, ಆ ನೋವನ್ನು ಶೇಟನಿಗೆ ಕೊಡಬಾರದೆಂದು ಆಕೆಯ ಲೆಕ್ಕ. ಆದರೂ ಮಾರುವವನ ಬಾಯಿಂದ ಒಂದು ಮಾತು ಕೇಳಬೇಕಲ್ಲ. ಗಾಜಿನ ಆಫೀಸಿನಲ್ಲಿ ಶೇಟನೆದುರು ಕೂತು, "ಐಬು ಏನರ ಐತೇನ್ರಿ?" ಎಂದು ಕೇಳಿದಳು. ಐಬು ಎಂಬ ಮಾತು ಅವನಿಗೂ ತಿಳಿಯುತ್ತದೆ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ.

"ನೀವು ನನ್ನ ತಾಯಿ ಇದ್ದ ಹಾಗೆ, ಮಾವಶಿ. ತಾಯಿಗೆ ಮೋಸ ಮಾಡುತ್ತೇನೆಯೆ?"

ತನ್ನ ತಾಯಿಗೆ ಅವನು ಏನು ಮಾಡಿದ್ದನೋ, ಆ ತಾಯಿಗೇ ಗೊತ್ತು. ದಾನಮ್ಮ ತೋರಿಸಿದ ಕಡೆ ಸಹಿ ಮಾಡಿದಳು, ರೊಕ್ಕ ಕೊಟ್ಟಳು, ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಮೊದಮೊದಲು ಎಲ್ಲ ಹಬ್ಬದ ಹಾಗೆಯೇ ನಡೆಯಿತು. ಓಣಿಯವರು ಬಂದು ಗಾಡಿ ಮುಟ್ಟಿ ನೋಡಿದರು. ಮುಧೋಳದ ಗಿರಾಕಿಗಳು ಬಾಗಿಲಿಗೆ ಬಂದು ನಿಂತ ಗಾಡಿ ನೋಡಿ, "ದಾನವ್ವ ಸಾವಕಾರ್ತಿ ಆದಳು" ಎಂದು ಚೇಷ್ಟೆ ಮಾಡಿದರು. ಮೊಣಕಾಲ ನೋವು ಅರ್ಧ ಇಳಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಆಕೆಗೆ ಗೊತ್ತಿತ್ತು. ಆದರೆ ಗಾದೆಗಳು ನೆನಪಾಗುವುದು ಹಾಲು ಕುಡಿದಾದ ಮೇಲೆ.

ಕೇಡು ಬಂದದ್ದು ಬೀಳಗಿಯಲ್ಲಿ, ರುಕ್ಮವ್ವನ ಮನೆಯ ಮುಂದೆಯೇ. ಒಳಗೆ ರುಕ್ಮವ್ವನ ಮೊಮ್ಮಗಳ ಮದುವೆಗೆಂದು ಸೀರೆ ಹರವಿ ದಾನಮ್ಮ ಕೂತಿದ್ದಳು. ಹೊರಗೆ ನಿಂತಿದ್ದ ಗಾಡಿ, ಒಳಗೆ ಒಂದು ನರಪಿಳ್ಳೆ ಇಲ್ಲದಿದ್ದರೂ, ತಾನಾಗಿ ಹಾರ್ನ್ ಹೊಡೆಯತೊಡಗಿತು. ಪಂಚಾಯಿತಿ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಸುಭಾಷ್ ಓಡಿ ಬಂದ. ಬೀಗ ತೆಗೆದರೂ ನಿಲ್ಲದು, ಹಾಕಿದರೂ ನಿಲ್ಲದು. ದೀಪಗಳು ಹೊತ್ತಿ ಆರಿದವು, ಗಾಜು ಒರೆಸುವ ಕಡ್ಡಿಗಳು ಬಿರುಬಿಸಿಲಲ್ಲಿ ಅತ್ತಿಂದಿತ್ತ ಹೊಡೆದುಕೊಂಡವು. ಓಣಿಯೆಲ್ಲ ಸೇರಿ ನಕ್ಕಿತು. ಕೊನೆಗೆ ಒಮ್ಮೆ ಕೆಮ್ಮಿ ಗಾಡಿ ಸುಮ್ಮನಾಯಿತು, ಮತ್ತೆ ಏಳಲಿಲ್ಲ.

ಗಾಡಿ ರಿಪೇರಿಯ ಮೇಸ್ತ್ರಿ ಲಗಮಪ್ಪ ಬಂದ. ಬಾನೆಟ್ಟಿನ ತಂಟೆಗೇ ಹೋಗಲಿಲ್ಲ. ಹಿಂದಿನ ಸೀಟಿನ ಬೆಲ್ಟು ಹಿಡಿದು ಪೂರಾ ಹೊರಗೆಳೆದ. ಯಾರೂ ಅಷ್ಟು ಉದ್ದ ಎಳೆಯದ ಕಡೆ, ಬೆಲ್ಟಿನ ಬುಡದ ಮೇಲೆ ಮಣ್ಣಿನ ಗೆರೆಯೊಂದು ಅಡ್ಡಕ್ಕೆ ಮೂಡಿತ್ತು. ಆಮೇಲೆ ಮ್ಯಾಟು ಕಿತ್ತ. ಕೆಳಗೆ ಒಣಗಿ ಬಿರುಕು ಬಿಟ್ಟ ಕರಿ ಮಣ್ಣು. ದಾನಮ್ಮ ಬಗ್ಗಿ ಒಂದು ಚೂರು ಎತ್ತಿಕೊಂಡು ಅಂಗೈಯಲ್ಲಿ ಪುಡಿ ಮಾಡಿ ಮೂಸಿದಳು. ಮಲ್ಲಿಗೆ ಸೆಂಟಿನ ಅಡಿಯಲ್ಲಿ ಆ ಇನ್ನೊಂದು ವಾಸನೆ ಇತ್ತು. ತವರಿನಲ್ಲಿ ಹೊಳೆ ಇಳಿದ ಮೇಲೆ ಅಡುಗೆಮನೆಯಿಂದ, ದೇವರ ಜಗಲಿಯಿಂದ, ಕಾಳಿನ ಚೀಲಗಳಿಂದ ವಾರಗಟ್ಟಲೆ ಬಳಿದು ಹೊರಗೆ ಹಾಕಿದ ಗೋಡುಮಣ್ಣಿನ ವಾಸನೆ.

"ಇದು ಮಹಾಪೂರದಾಗ ಮುಳಿಗಿ ಎದ್ದ ಗಾಡಿರಿ ಅಕ್ಕಾರ. ವೈರೆಲ್ಲಾ ಒಳಗ ಕೊಳತಾವು. ಹಾದ್ಯಾಗ ಬ್ರೇಕ್ ಹೋಗಿದ್ರ ಇವತ್ತ ನೀವು ಇರತಿರಲಿಲ್ಲ" ಎಂದ ಲಗಮಪ್ಪ.

ಹೊಳೆಗೆ ಹೆದರಿ ಅಷ್ಟು ದೂರ ಹೋದವಳು ಹೊಳೆಯನ್ನೇ ಕೊಂಡು ಮನೆಗೆ ತಂದಿದ್ದಳು! ದಾನಮ್ಮ ಆ ಮಣ್ಣಿನ ಪುಡಿ ಹಿಡಿದೇ ಕಟ್ಟೆಯ ಮೇಲೆ ಕೂತಳು. ಬೋರಮಾಳ ಹೋಯಿತೆಂಬ ಸಂಕಟ ಒಂದು ಕಡೆ. ಆದರೆ ಹೊಟ್ಟೆಯಲ್ಲಿ ಬೆಂಕಿ ಎದ್ದದ್ದು ಅದಕ್ಕಲ್ಲ. ಐಬು ಇದೆಯೇ ಎಂದು ಬಾಯಿಬಿಟ್ಟು ಕೇಳಿದ್ದಳು. ಕೇಳಿದ ಮೇಲೂ ಒಬ್ಬ ಮನುಷ್ಯ ಎದೆ ಮುಟ್ಟಿಕೊಂಡು ಇಲ್ಲ ಎನ್ನಬಲ್ಲ ಎಂಬುದು ಆಕೆಯ ತಲೆಗೆ ಹೋಗಲೊಲ್ಲದು.

ಅಟ್ಟ ಮೇಲೆ ಒಲೆ ಉರಿಯಿತು ಎನ್ನುವಂತೆ ಆಮೇಲೆ ಓಣಿಗೊಬ್ಬ ಜಾಣ ಹುಟ್ಟಿಕೊಂಡ. ಒಬ್ಬ ಕೋರ್ಟಿಗೆ ಹೋಗು ಎಂದ, ಇನ್ನೊಬ್ಬ ದೇವರಿಗೆ ಹೋಗು ಎಂದ. ಇವರನ್ನಾದರೂ ಸಹಿಸಬಹುದು. ಸಹಿಸಲಾಗದವರು ಬೇರೆ ಇದ್ದರು. ಅವರು ಸಂಜೆ ಬಂದು, ದನಿ ತಗ್ಗಿಸಿ, ಒಳ್ಳೆಯದು ಹೇಳುವವರ ಹಾಗೆ ಹೇಳಿದರು: ಸ್ವಲ್ಪ ರಿಪೇರಿ ಮಾಡಿಸಿ, ಚೆನ್ನಾಗಿ ತೊಳೆದು, ಸೆಂಟು ಹೊಡೆದು, ವಿಜಯಪುರದ ಕಡೆ ಯಾರಿಗಾದರೂ ದಾಟಿಸಿಬಿಡು, ನಿನಗೆ ಹಾಕಿದ ಟೋಪಿಯನ್ನು ನೀನು ಇನ್ನೊಬ್ಬರಿಗೆ ಹಾಕು. ಬನಹಟ್ಟಿಯಲ್ಲಿ ದನಿ ತಗ್ಗಿಸಿ ಆಡುವ ಮಾತು ಬಹುತೇಕ ಇಂಥದ್ದೇ ಇರುತ್ತದೆ.

"ನನ್ನ ಮನ್ಯಾಗ ಕುಂತು ನನಗ ಕಳವು ಕಲಸಾಕ ಬಂದೀರೇನು? ಏಳ್ರಿ ಮ್ಯಾಲ!" ಎಂದು ದಾನಮ್ಮ ಗುಡುಗಿದಳು. ಆ ದನಿ ಪಕ್ಕದೂರು ರಬಕವಿಗೂ ಕೇಳಿಸಿರಬೇಕು.

ಲಗಮಪ್ಪ ವೈರು ಗಂಟುಹಾಕಿ ಗಾಡಿ ಹೇಗೋ ಉರುಳುವಂತೆ ಮಾಡಿಕೊಟ್ಟ. ದಾನಮ್ಮ ಮತ್ತು ಸುಭಾಷ್ ಮತ್ತೆ ಪುಣೆಗೆ ಹೊರಟರು. ದಾರಿಯಲ್ಲಿ ಅದು ಎಷ್ಟು ಕಡೆ ನಿಂತಿತು, ಎಷ್ಟು ಕಡೆ ಇಬ್ಬರೂ ಇಳಿದು ನೂಕಿದರು, ಹೇಳಿ ಸುಖವಿಲ್ಲ.

ಶೇಟ ಮೊದಲು ಗುರುತೇ ಹಿಡಿಯದವನಂತೆ ನೋಡಿದ. ಆಮೇಲೆ ನಕ್ಕ. "ಮಾವಶಿ, ಗಾಡಿ ಇದ್ದದ್ದು ಇದ್ದ ಹಾಗೆ ಕೊಂಡಿದ್ದೇನೆ ಎಂದು ನೀವೇ ಸಹಿ ಹಾಕಿದ್ದೀರಿ. ನೋಡಿ ತಗೊಳ್ಳಬೇಡಿ ಎಂದು ನಾನು ಹೇಳಿದ್ದೆನೆ?" ಎಂದ.

"ನೀವು ದಾರ ಕಟ್ಟಿರಲಿಲ್ಲ" ಎಂದಳು ದಾನಮ್ಮ.

"ಯಾವ ದಾರ?"

ದಾನಮ್ಮ ಹೇಳಿದಳು. ತನ್ನ ಮಾವನ ರೂಢಿ, ಐಬಿಗೆ ಕಟ್ಟುವ ಕೆಂಪು ದಾರ, ಇಲ್ಲಿ ಕನ್ನಡಿಗಳ ಮೇಲೆ ತಾನು ಕಂಡದ್ದು, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೋದಂತೆ ಶೇಟನ ಹೊಟ್ಟೆ ಕುಲುಕತೊಡಗಿತು. ಹೊರಗಿನಿಂದ ಕೆಲಸದವರನ್ನು ಕರೆದು ಇನ್ನೊಮ್ಮೆ ಹೇಳಿಸಿದ.

"ಅಯ್ಯೋ ಮಾವಶಿ! ಅದು ಮಾರಾಟವಾದ ಗಾಡಿಯ ಗುರುತು. ಒಳ್ಳೊಳ್ಳೆಯ ಗಾಡಿಗಳನ್ನು ಊರಿನವರು ಮೊದಲೇ ಹಿಡಿದಿಟ್ಟಿರುತ್ತಾರೆ, ಪೂಜೆ ಮಾಡಿ ದಾರ ಕಟ್ಟಿಟ್ಟಿರುತ್ತೇವೆ. ನೀವು ದಾರ ಕಟ್ಟಿದ ಒಳ್ಳೆಯದನ್ನೆಲ್ಲ ಬಿಟ್ಟು ಇದನ್ನು ಆರಿಸಿಕೊಂಡಿರಾ?"

ಗಾಜಿನ ಆಫೀಸು ಬಿದ್ದು ಬಿದ್ದು ನಕ್ಕಿತು. ಸುಭಾಷ್ ತಲೆ ತಗ್ಗಿಸಿದ. ಮೋಸ ಹೋದದ್ದಕ್ಕಿಂತ ಹೆಚ್ಚು ದಾನಮ್ಮನನ್ನು ಉರಿಸಿದ್ದು ಈ ನಗು. ಆಕೆ ಬದುಕಿಡೀ ಬಾಳಿಕೊಂಡು ಬಂದದ್ದು ಇವರಿಗೆ ಚಹಾದ ಜೊತೆ ನಗುವ ಕಥೆಯಾಗಿತ್ತು. ದಾನಮ್ಮ ಎದ್ದು ಹೊರಗೆ ಹೋದಳು. ಶೇಟ ಪೀಡೆ ತೊಲಗಿತು ಎಂದುಕೊಂಡ.

ಪೀಡೆ ತೊಲಗಿರಲಿಲ್ಲ. ಅಂಗಳದ ದೊಡ್ಡ ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ, ಬಿಳಿ ಗಾಡಿಯ ಬಾಗಿಲು ತೆಗೆದು ದಾನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಮೊದಲ ಗಿರಾಕಿ ಒಳಗೆ ಹೋಗಲು ಬಂದಾಗ ಬಾಯಿ ತೆರೆದಳು. ಮಗ್ಗಗಳ ನಡುವೆ ಪಳಗಿದ ಗಂಟಲು ಅದು. ಹೆದ್ದಾರಿಯ ಲಾರಿಗಳ ಸದ್ದು ಅದಕ್ಕೆ ಯಾವ ಲೆಕ್ಕ? ಅರ್ಧ ಮರಾಠಿ, ಅರ್ಧ ಬನಹಟ್ಟಿ.

"ಬರ್ರಿ, ಮೊದಲ ಐಬು ನೋಡ್ರಿ! ಮಹಾಪೂರದಾಗ ಮುಳಿಗಿದ ಗಾಡಿ! ತಾಯಿ ಅಂತ ಕರದು ಮಾರ್ಯಾನ! ಬೆಲ್ಟ್ ಎಳದು ನೋಡ್ರಿ, ಪುಕ್ಕಟೆ!"

ಜನ ನಿಂತರು. ಬೆಲ್ಟು ಎಳೆದು ನೋಡಿದರು, ಮ್ಯಾಟಿನ ಕೆಳಗೆ ಬೆರಳಾಡಿಸಿದರು. ಮದುವೆಯಾದ ಹೊಸ ಜೋಡಿಯೊಂದು ಗೇಟಿನಿಂದಲೇ ಹಿಂದೆ ತಿರುಗಿತು. ಇನ್ನೊಬ್ಬ ಒಳಗೆ ಹೋಗಿ ತಾನು ಕೊಳ್ಳಬೇಕೆಂದಿದ್ದ ಗಾಡಿಯ ಬೆಲ್ಟು ಎಳೆಯತೊಡಗಿದ. ಕೆಲಸದವನು ಬಂದು ಹೆದರಿಸಿದ. "ರಸ್ತೆ ನಿಮ್ಮಪ್ಪಂದೇನು?" ಎಂದಳು. ಪೊಲೀಸರನ್ನು ಕರೆಯುತ್ತೇವೆ ಎಂದರು. "ಕರೀರಿ. ಅವರಿಗೂ ತೋರಸ್ತೇನಿ" ಎಂದಳು. ಯಾರೂ ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ನೀರಡಿಸಿ ಗಂಟಲು ಒಡೆದರೂ ಆಕೆ ಅಲ್ಲಿಂದ ಏಳಲಿಲ್ಲ; ಸುಭಾಷ್ ತಂದುಕೊಟ್ಟ ಬಾಳೆಹಣ್ಣು ತಿಂದು ಮತ್ತೆ ಶುರುಮಾಡಿದಳು.

ಹೊತ್ತು ಇಳಿಯುವಾಗ ಒಳಗಿನಿಂದ ಕರೆ ಬಂತು. ಶೇಟನ ಮುಖದಲ್ಲಿ ಈಗ ನಗುವಿರಲಿಲ್ಲ. ಚಹಾ ಬಂತು, ಜೊತೆಗೆ ಬಿಸ್ಕತ್ತು. ಗಾಡಿ ಇಲ್ಲೇ ಬಿಡಿ, ನೀವು ಕೊಟ್ಟಷ್ಟನ್ನೂ ಈಗಲೇ ಹಿಂದಿರುಗಿಸುತ್ತೇನೆ, ಒಂದು ಪೈಸೆ ಹಿಡಿಯುವುದಿಲ್ಲ; ಬೀಗದ ಕೈ ಮೇಜಿನ ಮೇಲಿಡಿ, ಹಿಂದಿನ ಗೇಟಿನಿಂದ ಹೊರಡಿ, ಯಾರೊಂದಿಗೂ ಮಾತಾಡಬೇಡಿ ಎಂದ.

ಸುಭಾಷನ ಕಣ್ಣು ಅರಳಿತು. ದಾನಮ್ಮನಿಗೂ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಬೋರಮಾಳ ಮತ್ತೆ ಮಾಡಿಸಬಹುದು. ಇಲ್ಲವೆ ಬೇರೆ ಗಾಡಿಯನ್ನೇ ಕೊಳ್ಳಬಹುದು. ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟೂ ಬಿಟ್ಟಳು. ಇಟ್ಟ ಮೇಲೆ ಕೇಳಿದಳು:

"ಈ ಗಾಡಿ ಏನ ಮಾಡ್ತೀರಿ?"

"ಅದರ ಚಿಂತೆ ನಿಮಗೇಕೆ?"

"ಒಡದು ಹಾಕ್ತೀರೋ, ಮಾರತೀರೋ?"

ಜಗಳ ಮುಗಿದ ನೆಮ್ಮದಿಯಲ್ಲಿ ಶೇಟ ತನ್ನವರೊಂದಿಗೆ ಆಡುವ ಹಾಗೆ ಮಾತಾಡಿದ. "ಒಡೆಯುವುದಕ್ಕೆ ಅಂಗಡಿ ಇಟ್ಟಿದ್ದೇನೆಯೆ? ಇಂಥದ್ದನ್ನು ಈ ಊರಿನವರಿಗೆ ಕೊಡುವುದಿಲ್ಲ, ನಾಳೆ ಬಂದು ಕಾಲರ್ ಹಿಡಿಯುತ್ತಾರೆ. ನಿಮ್ಮ ಹಾಗೆ ದೂರದವರು ಯಾರಾದರೂ ಬರುತ್ತಾರೆ. ದೂರದವರು ತಿರುಗಿ ಬರುವುದಿಲ್ಲ, ಮಾವಶಿ. ಬಂದವರು ನೀವೊಬ್ಬರೇ. ಭೇಷ್!"

ಹೊಗಳಿಕೆ ಎಂದೇ ಅವನು ಅದನ್ನು ಹೇಳಿದ್ದು.

ದಾನಮ್ಮ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ತಿರುಗಿ ಬರದವರಿಗೆ ಮಾರುವುದು! ಇದೇ ಇವರ ವ್ಯಾಪಾರದ ಗುಟ್ಟು. ಆಕೆಯ ವ್ಯಾಪಾರವೋ, ತಿರುಗಿ ತಿರುಗಿ ಅದೇ ಬಾಗಿಲಿಗೆ ಹೋಗಿ ನಿಲ್ಲುವುದು. ಕೊಟ್ಟ ಸೀರೆ ಬಣ್ಣ ಬಿಟ್ಟರೆ ಅದೇ ಪಡಸಾಲೆಯಲ್ಲಿ ಕೂತು ಬೈಸಿಕೊಳ್ಳಬೇಕು. ಅದಕ್ಕೇ ಅಲ್ಲವೆ ಮನುಷ್ಯ ಸರಿಯಾಗಿರುವುದು? ಎಲ್ಲೋ ಬೀದರದಿಂದಲೋ ನಾಂದೇಡದಿಂದಲೋ ಇನ್ನೊಬ್ಬಳು ಬರುತ್ತಾಳೆ, ಬಾಗಿಲು ತೆಗೆದು ಮಲ್ಲಿಗೆಯ ವಾಸನೆಗೆ ಹಿಗ್ಗುತ್ತಾಳೆ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೊರಡುತ್ತಾಳೆ. ಆ ಹಾದಿಯಲ್ಲಿ ಬ್ರೇಕ್ ಹೋದರೆ?

"ಒಂದ ಮಾತು" ಎಂದಳು. "ರೊಕ್ಕ ಕೊಡ್ರಿ, ಗಾಡಿ ಇಟಗೊಳ್ರಿ. ಆದ್ರ ನೀರಾಗ ಮುಳಿಗಿದ್ದು ಅಂತ ಗಾಜಿನ ಮ್ಯಾಲ ನನ್ನ ಮುಂದ ಬರೀರಿ. ಬರದು ಮಾರ್ರಿ."

"ಬರೆದರೆ ಯಾರು ಕೊಳ್ಳುತ್ತಾರೆ?"

"ಅದನ್ನ ನಿಮ್ಮ ಬಾಯಿಂದ ಕೇಳಬೇಕಂತಿದ್ದೆ" ಎಂದು ದಾನಮ್ಮ ಬೀಗದ ಕೈಯನ್ನು ಮೇಜಿನಿಂದ ಎತ್ತಿಕೊಂಡು ಹೊರಟಳು.

ಸುಭಾಷ್ ಹೌಹಾರಿದ. ಹೊರಗೆ ಓಡಿ ಬಂದು ಅಡ್ಡ ನಿಂತ. "ವೈನೀ, ಹುಚ್ಚು ಹಿಡದತೇನು? ಕೈಗೆ ಬಂದ ರೊಕ್ಕ! ನಮ್ಮದು ನಮಗ ಬಂತಲ್ಲ, ಲೋಕದ ಉಸಾಬರಿ ನಮಗ್ಯಾಕ?"

"ನಮ್ಮದು ನಮಗ ಬಂದಿಲ್ಲೋ. ಇನ್ನೊಬ್ಬಾಕೀದು ನಮಗ ಬರತೈತಿ. ಆಕೀ ಕೊರಳಾಂದು ಬಿಚ್ಚಿ ಇಂವ ನನಗ ಹಾಕ್ತಾನ. ನಡಿ, ಗಾಡಿ ಹತ್ತು."

"ಅಣ್ಣಗ ಏನ ಹೇಳೂದು?"

"ಅವರಿಗಿ ನಾ ಹೇಳತೇನಿ" ಎಂದಳು. ದನಿ ಗಟ್ಟಿಯಾಗೇ ಇತ್ತು, ಆದರೆ ಗಾಡಿ ಹತ್ತುವಾಗ ಅವನ ಹೆಗಲು ಹಿಡಿದುಕೊಂಡೇ ಹತ್ತಿದಳು.

ಬನಹಟ್ಟಿಯಲ್ಲಿ ಏನಾಯಿತು ಎಂದು ಊಹಿಸಬಹುದು. ಪೂರಾ ರೊಕ್ಕ ಕೈಗೆ ಬಂದಿತ್ತಂತೆ, ಒಲ್ಲೆ ಎಂದು ಬಂದಳಂತೆ! ಇಂಗು ತಿಂದ ಮಂಗ ಎಂದರು. ಸೊಕ್ಕು ಎಂದರು. ಮೊನ್ನೆ ಮೊನ್ನೆ ಶೇಟನನ್ನು ಬಾಯಿತುಂಬ ಬೈಯುತ್ತಿದ್ದವರು ಈಗ ಅವನೇ ವಾಸಿ, ಕೊಡಲು ಬಂದಿದ್ದ ಎಂದರು. ಕಾಶಪ್ಪ ಎಲ್ಲವನ್ನೂ ಕೇಳಿಸಿಕೊಂಡು ಎರಡು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, "ಅದನ್ನ ಮನಿ ಮುಂದ ಇಟಗೋಬ್ಯಾಡ. ನೋಡಿದಾಗೊಮ್ಮೆ ಹೊಟ್ಟಿ ಉರೀತೈತಿ" ಎಂದ. ಹಾಗೆ ಹೇಳಿ ಮಗ್ಗಕ್ಕೆ ಹೋದ. ಅದಕ್ಕಿಂತ ಹೆಚ್ಚು ಅವನು ಬೈಯಲೂ ಇಲ್ಲ, ಸರಿ ಮಾಡಿದೆ ಎನ್ನಲೂ ಇಲ್ಲ.

ಗಾಡಿಯನ್ನು ಟ್ರಾಕ್ಟರಿಗೆ ಕಟ್ಟಿ ಜಮಖಂಡಿ ರಸ್ತೆಯ ಮೋಡಕಾ ಅಂಗಡಿಗೆ ಎಳೆದೊಯ್ದರು. ಹಳೆಯ ಕಬ್ಬಿಣ ಕೊಂಡು ಒಡೆದು ಮಾರುವ ಜಾಗ ಅದು. ಅಂಗಡಿಯವನು ಗಾಡಿಯ ಸುತ್ತ ಎರಡು ಸುತ್ತು ಹಾಕಿದ. ಬಣ್ಣದ ಮೇಲೆ ಕೈಯಾಡಿಸಿದ. ಅವನ ಕಣ್ಣು ಸಣ್ಣಗಾಯಿತು.

"ಅಕ್ಕಾರ, ಇದನ್ನ ಯಾಕ ಒಡಸ್ತೀರಿ? ಮೈ ಛಲೋ ಐತಿ. ಹಿಂಗ ಇಡೀ ಗಾಡಿ ಬಿಟ್ಟು ಹೋಗ್ರಿ, ಕಬ್ಬಿಣದ ಮೂರು ಪಟ್ಟು ಕೊಡತೇನಿ. ದೂರದವ ಒಬ್ಬ ಗಿರಾಕಿ ಅದಾನ."

ದಾನಮ್ಮ ಅಲ್ಲಿ ಬಿದ್ದಿದ್ದ ಟಯರೊಂದನ್ನು ಉರುಳಿಸಿ ತಂದು ಗಾಡಿಯ ಎದುರಿಗೆ ಹಾಕಿಕೊಂಡು ಕೂತಳು.

"ಒಡಿ" ಎಂದಳು.

"ನಾಳೆ ಒಡೀತೇವ್ರಿ. ನೀವು ನಡೀರಿ, ಬಿಸಲೈತಿ."

"ನಾ ಕುಂತೇನಿ. ಇಂಜಿನ್ ಮೊದಲ ಒಡಿ. ಇದು ಮತ್ತ ಎದ್ದು ಯಾರ ಮನಿ ಮುಂದೂ ನಿಂದರಬಾರದು."

ಅವನು ಗೊಣಗುತ್ತ ದೊಡ್ಡ ಸುತ್ತಿಗೆಯವನನ್ನು ಕರೆದ. ಮೊದಲ ಪೆಟ್ಟು ಬಿತ್ತು. ಇಡೀ ಊರು ನಕ್ಕಾಗ ಅಳದಿದ್ದ ದಾನಮ್ಮನಿಗೆ ಆಗ ಅಳು ಬಂತು. ಸೆರಗಿನಿಂದ ಮುಖ ಮುಚ್ಚಿಕೊಳ್ಳಲಿಲ್ಲ, ಕಣ್ಣು ಒರೆಸಿಕೊಳ್ಳಲೂ ಇಲ್ಲ. ಸುತ್ತಿಗೆಯವನು ಆಕೆಯ ಮುಖ ನೋಡಿ, ಬೇಡವೇನೋ ಎಂದು ಕೈ ತಡೆದು ನಿಂತ.

ದಾನಮ್ಮ ಅಳುತ್ತಲೇ, "ಹೂಂ, ಇನ್ನೊಂದು ಹಾಕು" ಎಂದಳು.